ಸೌಂಡ್ ಬತ್ತೈತೆ, ಪಿಚ್ಚರ್ ಬರಲ್ಲ

ಚೇಳೂರಿಗೆ ಹಲಸಿನ ಕಾಲ ಬಂದಿದೆ ಅನ್ನುವುದು ಬಸ್ಸಿನಿಂದ ಇಳಿಯುವ ಮೊದಲೇ ಮೂಗಿಗೆ ಗೊತ್ತಾಗುತ್ತದೆ. ಗುಬ್ಬಿ ಕಡೆಯಿಂದ ಬರುವಾಗ ತೋಟಗಳ ನಡುವೆ ಬರೀ ಅಡಿಕೆ ಹೊಂಬಾಳೆಯ, ಹಸಿ ಮಣ್ಣಿನ ವಾಸನೆ ಇರುತ್ತದೆ. ಊರು ಹತ್ತಿರವಾದಂತೆ ಮಾಗಿದ ಹಣ್ಣಿನ ಘಮ ಬಂದು ಅದೆಲ್ಲವನ್ನೂ ಮುಚ್ಚಿಬಿಡುತ್ತದೆ. ರಸ್ತೆ ಬದಿಯಲ್ಲಿ ಹಲಸಿನ ರಾಶಿ, ರಾಶಿಯ ಪಕ್ಕ ಲಾರಿ, ಲಾರಿಯ ಸುತ್ತ ಬೆರಳ ಗಿಣ್ಣಿನಿಂದ ಹಣ್ಣು ತಟ್ಟಿ ಕಿವಿಗೊಟ್ಟು ಕೇಳುವ ಜನ. ತಾಮ್ರಗೆಂಪು ತೊಳೆಯ ‘ಸಿದ್ದು’ ಹಲಸು ಈ ಸೀಮೆಯದೇ. ಒಳಗಿನ ಬಣ್ಣ ಹೊರಗಿನ ಮುಳ್ಳು ನೋಡಿದರೆ ತಿಳಿಯುವುದಿಲ್ಲ. ತಟ್ಟಬೇಕು, ಕೇಳಬೇಕು.

ಆ ರಾಶಿಗಳ ಹಿಂದಿನ ಸಾಲಿನಲ್ಲಿ ಅರ್ಧ ಷಟರ್ ಎತ್ತಿದ ಒಂದು ಚಿಕ್ಕ ಅಂಗಡಿ. ಬೋರ್ಡಿನ ಬಣ್ಣ ಹೋಗಿ ‘ರೇಡಿಯೋ, ಟಿ.ವಿ.’ ಎಂಬಷ್ಟು ಮಾತ್ರ ಓದಲು ಬರುತ್ತದೆ. ಒಳಗೆ ಒಂದು ಮರದ ಮೇಜು, ಮೇಜಿನ ಮೇಲೆ ಸೋಲ್ಡರಿಂಗ್ ಐರನ್ನು, ಲೆಡ್ಡಿನ ಸುರುಳಿ, ಪೇಸ್ಟಿನ ಡಬ್ಬಿ, ಮುಳ್ಳು ಸ್ವಲ್ಪ ಬಾಗಿದ ಮಲ್ಟಿಮೀಟರ್. ಗೋಡೆಯ ಉದ್ದಕ್ಕೂ ಹಿಂಭಾಗ ಬಿಚ್ಚಿಟ್ಟ ಡಬ್ಬಾ ಟಿ.ವಿ.ಗಳು. ಅಂಗಡಿಯಣ್ಣನಿಗೆ ಅರವತ್ತು ದಾಟಿದೆ. ಇಪ್ಪತ್ತರ ಹರೆಯದಲ್ಲಿ ತುಮಕೂರಿನ ಒಂದು ಅಂಗಡಿಯಲ್ಲಿ ಕೈಯಾಳಾಗಿ ಸೇರಿ ಕಲಿತ ಕೆಲಸ ಇದು. ಊರಿಗೆ ಬಂದಾಗಲೆಲ್ಲ ಇಲ್ಲಿ ಒಂದು ಗಳಿಗೆ ಕೂರದೆ ಹೋದರೆ ನನಗೆ ಬಂದಂತೆಯೇ ಆಗುವುದಿಲ್ಲ.

ಅವತ್ತು ಕೂತಿದ್ದಾಗ ಒಂದು ಲಗೇಜ್ ಆಟೋ ಬಂದು ನಿಂತಿತು. ಮೊದಲು ಹಲಸಿನ ಹಣ್ಣು ಇಳಿದವು. ಆಮೇಲೆ ಹಳೆಯ ದುಪ್ಪಟಿಯಲ್ಲಿ ಸುತ್ತಿದ ಒಂದು ಟಿ.ವಿ. ಅದರ ಹಿಂದೆ ಒಬ್ಬ ಅಜ್ಜಿ, ಅಜ್ಜಿಯ ಸೆರಗು ಹಿಡಿದು ಎಂಟು ವರ್ಷದ ಮೊಮ್ಮಗ. ಇಪ್ಪತ್ತೊಂದು ಇಂಚಿನ ಟಿ.ವಿ., ಇಪ್ಪತ್ತು ಕಿಲೋ ಮೇಲೇ ತೂಗುತ್ತದೆ. ಆ ಭಾರವೆಲ್ಲ ಮುಂದಿನ ಗಾಜಿನಲ್ಲಿ. ಅದಕ್ಕೇ ಅಂಗಡಿಯಣ್ಣ ಗಾಜನ್ನು ತನ್ನ ಹೊಟ್ಟೆಗೆ ಆನಿಸಿಕೊಂಡು, ಎಳೆಮಗುವನ್ನು ಎತ್ತಿಕೊಂಡಂತೆ ಒಳಗೆ ತಂದರು.

“ಏನಾಗೈತೆ ಅಜ್ಜಿ?”

“ಸೌಂಡ್ ಬತ್ತೈತೆ ಕಣಪ್ಪ, ಪಿಚ್ಚರ್ ಬರಲ್ಲ. ಎಂಟು ದಿನ ಆಯ್ತು. ಮೊದ್ಲು ತಲೆ ಮ್ಯಾಲೆ ಒಂದ್ ತಟ್ಟಿದ್ರೆ ಬತ್ತಿತ್ತು. ಈಗ ಎಷ್ಟ್ ತಟ್ಟಿದ್ರೂ ಇಲ್ಲ. ಕಿವಿಯಾಗೆ ಕೇಳ್ಕಂಡು ಕುಂತಿವ್ನಿ.”

ನಾನಾಗಿದ್ದರೆ ಈ ಮಾತನ್ನು ಕೇಳಿ ತಲೆಯಾಡಿಸಿ ಸ್ಕ್ರೂಡ್ರೈವರಿಗೆ ಕೈಹಾಕುತ್ತಿದ್ದೆ. ಅಂಗಡಿಯಣ್ಣ ಹಾಗೆ ಮಾಡಲಿಲ್ಲ. ಸ್ಟೂಲು ಎಳೆದು ಅಜ್ಜಿಯನ್ನು ಕೂರಿಸಿ ಇನ್ನೂ ಕೇಳಿದರು. ತಟ್ಟುತ್ತಿದ್ದದ್ದು ಯಾವ ಕಡೆ? ಎಡಕ್ಕೋ ಬಲಕ್ಕೋ? ಹಾಕಿದ ತಕ್ಷಣ ಹೋಗುತ್ತಿತ್ತೋ, ಬಿಸಿಯಾದ ಮೇಲೋ? ಹೋಗುವಾಗ ಗೆರೆಯಾಗಿ ಹೋಗುತ್ತಿತ್ತೋ, ದೀಪ ಆರಿದಂತೆ ನಿಧಾನಕ್ಕೆ ಕಪ್ಪಾಗುತ್ತಿತ್ತೋ? “ದೀಪದಂಗೇ ಕಣಪ್ಪ,” ಅಂದರು ಅಜ್ಜಿ, “ಎಣ್ಣೆ ತೀರಿದಂಗೆ.” ಅಂಗಡಿಯಣ್ಣನ ಮುಖದಲ್ಲಿ ಏನೋ ಸಡಿಲವಾಯಿತು. ಅರ್ಧ ರಿಪೇರಿ ಈ ಮಾತಿನಲ್ಲೇ ಮುಗಿದಿತ್ತು. ಅದು ಆಗ ನನಗೆ ತಿಳಿಯಲಿಲ್ಲ, ಅವರಿಗೆ ತಿಳಿದಿತ್ತು.

ಡಬ್ಬಾ ಟಿ.ವಿ.ಯಲ್ಲಿ ಚಿತ್ರ ಹೋಗುವ ಬಗೆ ಒಂದೆರಡಲ್ಲ, ಪ್ರತಿಯೊಂದಕ್ಕೂ ಊರ ಜನರ ಬಾಯಲ್ಲಿ ಅದರದೇ ಮಾತಿದೆ. ಗ್ರೇನ್ಸ್ ಬರುತ್ತೆ ಅಂದರೆ ತೊಂದರೆ ಸೂರಿನ ಮೇಲಿದೆ, ಆಂಟೆನಾದಲ್ಲೋ ಅಲ್ಲಿಂದ ಇಳಿಯುವ ವೈರಿನಲ್ಲೋ. ಡಬಲ್ ಪಿಕ್ಚರ್ ಅಂದರೆ ಸಿಗ್ನಲ್ಲು ಬೆಟ್ಟಕ್ಕೋ ಕಟ್ಟಡಕ್ಕೋ ಬಡಿದು ಎರಡನೇ ಸಲ ತಡವಾಗಿ ಬರುತ್ತಿದೆ. ಪಿಕ್ಚರ್ ಓಡುತ್ತೆ, ಅಡ್ಡ ಗೆರೆ ಒಂದೇ ನಿಂತಿದೆ, ಮೂಲೆಯಲ್ಲಿ ಹಸಿರು ಕಲೆ ಬಿದ್ದಿದೆ, ಹೀಗೂ ಹೇಳುತ್ತಾರೆ. ಅಡ್ಡ ಗೆರೆ ಅಂದರೆ ಚಿತ್ರವನ್ನು ಮೇಲಿಂದ ಕೆಳಗೆ ಹರಡುವ ವರ್ಟಿಕಲ್ ಭಾಗ ಸತ್ತಿದೆ. ಬಣ್ಣದ ಕಲೆ ಅಂದರೆ ಮಕ್ಕಳು ಆಯಸ್ಕಾಂತ ಹಿಡಿದು ಆಡಿದ್ದಾರೆ, ಇಲ್ಲವೇ ಯಾರೋ ದೊಡ್ಡ ಸ್ಪೀಕರನ್ನು ಪಕ್ಕಕ್ಕೇ ಇಟ್ಟಿದ್ದಾರೆ. ಈ ಮಾತುಗಳು ಯಾವ ಪುಸ್ತಕದಿಂದಲೂ ಬಂದವಲ್ಲ. ರಾತ್ರಿ ಊಟದ ಹೊತ್ತಿಗೆ ಹೋದ ಚಿತ್ರವನ್ನು ಬೆಳಗ್ಗೆ ಅಂಗಡಿಯವನಿಗೆ ವಿವರಿಸಲು ಜನರೇ ಕಟ್ಟಿಕೊಂಡ ಮಾತುಗಳು. ಕಾಯಿಲೆ ಹೇಳಿಕೊಳ್ಳುವ ಭಾಷೆಯಷ್ಟೇ ಖಚಿತ ಇವು.

ಅಂಗಡಿಯಣ್ಣ ಹಿಂಭಾಗದ ಸ್ಕ್ರೂ ಬಿಚ್ಚುತ್ತಿದ್ದರೆ ನನ್ನ ಮನಸ್ಸು ನಮ್ಮೂರಿನ ಮೊದಲ ಟಿ.ವಿ.ಗೆ ಹೋಯಿತು.

ಬೆಂಗಳೂರು ದೂರದರ್ಶನ ಶುರುವಾದದ್ದು 1981ರ ನವೆಂಬರಿನಲ್ಲಿ. ದೆಹಲಿಯ ಏಷ್ಯನ್ ಕ್ರೀಡಾಕೂಟದ ನೆಪದಲ್ಲಿ ದೇಶಕ್ಕೆ ಬಣ್ಣದ ಟಿ.ವಿ. ಬಂದದ್ದು 1982ರಲ್ಲಿ. ಚೇಳೂರಿನ ಕಡೆಗೆ ಬಂದದ್ದು ಮಾತ್ರ ಕಪ್ಪು ಬಿಳುಪಿನದು, ಮುಂದೆ ಎಳೆದು ಮುಚ್ಚುವ ಮರದ ಷಟರಿನದು. ಕಪ್ಪು ಬಿಳುಪಿನ ಪಿಕ್ಚರ್ ಟ್ಯೂಬು ಬೆಂಗಳೂರಿನ ಬಿಇಎಲ್ ಕಾರ್ಖಾನೆಯಲ್ಲೇ ತಯಾರಾಗುತ್ತಿದ್ದ ಕಾಲ. ಟಿ.ವಿ. ಇದ್ದ ಮನೆಯನ್ನು ದೂರದಿಂದಲೇ ಗುರುತು ಹಿಡಿಯಬಹುದಿತ್ತು: ಹೆಂಚಿನ ಮೇಲೆ ಉದ್ದನೆಯ ಪೈಪು, ಪೈಪಿನ ತುದಿಗೆ ಮೀನಿನ ಮುಳ್ಳಿನಂಥ ಅಲ್ಯೂಮಿನಿಯಂ ಆಂಟೆನಾ. ಯಾಗಿ, ಉದಾ ಎಂಬ ಇಬ್ಬರು ಜಪಾನೀ ವಿಜ್ಞಾನಿಗಳು 1926ರಲ್ಲಿ ರೂಪಿಸಿದ ವಿನ್ಯಾಸ ಅದು. ಅದೇ ನಮ್ಮ ತೋಟದ ಮನೆಗಳ ಮೇಲೆ ಕಾಗೆ ಕೂರುವ ಕೊಂಬೆಯಾಗಿತ್ತು. ಮುಳ್ಳುಗಳು ಚಿಕ್ಕದಾಗುತ್ತ ಹೋಗುವ ತುದಿ ಆಗ್ನೇಯಕ್ಕೆ, ಬೆಂಗಳೂರಿನ ಕಡೆಗೆ. ದೇವರಾಯನದುರ್ಗ, ಶಿವಗಂಗೆಯಂಥ ಬೆಟ್ಟಗಳ ಆಚೆಯಿಂದ ಬರುವ ಸಿಗ್ನಲ್ಲು ಇಲ್ಲಿಗೆ ತಲುಪುವಷ್ಟರಲ್ಲಿ ದಾರದಷ್ಟು ತೆಳ್ಳಗಾಗಿರುತ್ತಿತ್ತು. ಬೂಸ್ಟರ್ ಇಲ್ಲದೆ ಮುಖ ಕಾಣುತ್ತಿರಲಿಲ್ಲ. ಗಾಳಿಗೆ ಪೈಪು ಒಂದು ಗೇಣು ತಿರುಗಿದರೂ ಸಾಕು, ಪರದೆಯ ತುಂಬ ಗ್ರೇನ್ಸ್.

1987ರ ಜನವರಿಯಲ್ಲಿ ರಾಮಾಯಣ ಶುರುವಾಯಿತು. ಭಾನುವಾರ ಬೆಳಗ್ಗೆ ಊರಿನ ಆ ಮೊದಲ ಟಿ.ವಿ. ಇದ್ದ ಮನೆಯ ನಡುಮನೆ, ಜಗಲಿ, ಕಿಟಕಿ ಎಲ್ಲ ತುಂಬಿಹೋಗುತ್ತಿತ್ತು. ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಆ ರಾಮಾಯಣ ಹಿಂದಿಯದು. ಕೂತವರಲ್ಲಿ ಹಿಂದಿ ಬಲ್ಲವರು ಇಬ್ಬರೋ ಮೂವರೋ. ಮಾತು ಯಾರಿಗೂ ಬೇಕಾಗಿರಲಿಲ್ಲ, ಕಥೆ ಎಲ್ಲರಿಗೂ ಬಾಯಿಪಾಠ. ಗುಬ್ಬಿ ವೀರಣ್ಣನವರ ನಾಟಕ ಕಂಪನಿಯ ಸೀಮೆಯ ಜನ ಇವರು, ಮುಖ ನೋಡಿಯೇ ಸನ್ನಿವೇಶ ಹಿಡಿಯಬಲ್ಲವರು. ಸೌಂಡ್ ಹೋದರೆ ಯಾರೂ ಏಳುತ್ತಿರಲಿಲ್ಲ. ಪಿಕ್ಚರ್ ಹೋದರೆ ಮಾತ್ರ ಇಡೀ ಮನೆಗೆ ಒಮ್ಮೆಲೇ ಕತ್ತಲು ಕವಿದಂತೆ ಆಗುತ್ತಿತ್ತು.

ಹಾಗೆ ಒಂದು ಭಾನುವಾರ ಪಿಕ್ಚರ್ ಹೋಯಿತು. ಒಬ್ಬ ಸೂರು ಹತ್ತಿದ, ಒಬ್ಬ ಅಂಗಳದಲ್ಲಿ ನಿಂತ, ಒಬ್ಬ ಬಾಗಿಲಲ್ಲಿ. ಟಿ.ವಿ. ಮುಂದೆ ಕೂತವರು ಕೂಗಿದ್ದನ್ನು ಬಾಗಿಲವನು ಅಂಗಳಕ್ಕೆ, ಅಂಗಳದವನು ಸೂರಿಗೆ ಮುಟ್ಟಿಸಬೇಕು. “ಬಂತಾ?” “ಬಂತು, ಬಂತು... ಹೋಯ್ತು!” ಈ ಕೂಗು ತಲುಪುವಷ್ಟರಲ್ಲಿ ಮೇಲಿನವನು ಪೈಪನ್ನು ಇನ್ನೊಂದು ಗೇಣು ತಿರುಗಿಸಿಬಿಟ್ಟಿರುತ್ತಿದ್ದ. ಎಷ್ಟು ತಿರುಗಿಸಿದರೂ ನಿಲ್ಲಲಿಲ್ಲ. ಕೊನೆಗೆ ಸೈಕಲ್ಲಿನಲ್ಲಿ ಹೋಗಿ ಇದೇ ಅಂಗಡಿಯಣ್ಣನನ್ನು, ಆಗಿನ್ನೂ ಹರೆಯದ ಹುಡುಗನನ್ನು, ಕರೆತಂದರು. ಅವರು ಪೈಪು ಮುಟ್ಟಲೇ ಇಲ್ಲ. ಏಣಿ ಹತ್ತಿ, ಚಪ್ಪಟೆ ವೈರು ಆಂಟೆನಾಕ್ಕೆ ಸೇರುವ ಕಡೆಯ ಪ್ಲಾಸ್ಟಿಕ್ ಡಬ್ಬಿಯನ್ನು ಬಿಚ್ಚಿದರು. ಒಳಗೆ ಸುಣ್ಣದ ಪುಡಿಯಂಥದ್ದು ಕಟ್ಟಿಕೊಂಡಿತ್ತು. ಅಲ್ಯೂಮಿನಿಯಂ ಕಡ್ಡಿ, ತಾಮ್ರದ ತಂತಿ, ನಡುವೆ ಮಳೆ ನೀರು. ಈ ಮೂರೂ ಸೇರಿದರೆ ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗುತ್ತದೆ, ಆ ಪುಡಿ ಕರೆಂಟನ್ನು ಬಿಡುವುದಿಲ್ಲ. ತಂತಿ ಕಣ್ಣಿಗೆ ಕೂಡಿದಂತೆಯೇ ಕಾಣುತ್ತದೆ, ಒಳಗೆ ಕೂಡಿರುವುದಿಲ್ಲ. ಬ್ಲೇಡಿನಿಂದ ತುದಿಯನ್ನು ಹೊಳೆಯುವ ಹಾಗೆ ಕೆರೆದು, ಸ್ಕ್ರೂ ಬಿಗಿದು, ಮೇಲೆ ಮೇಣ ಮೆತ್ತಿ ಇಳಿದರು. ನಡುಮನೆಯಿಂದ ಎದ್ದ ಕೂಗು ಪಕ್ಕದ ತೋಟಕ್ಕೂ ಕೇಳಿಸಿತು. ಹಣ ತೆಗೆದುಕೊಳ್ಳದೆ ಅವರೂ ಜನರ ನಡುವೆ ಕೂತರು. ಟಿ.ವಿ.ಯ ಒಳಗೆ ಏನೂ ಕೆಟ್ಟಿರಲಿಲ್ಲ. ಒಂದು ಸಂದು ಬಿಟ್ಟಿತ್ತು, ಅಷ್ಟೇ.

ನಲವತ್ತು ವರ್ಷದ ಕೆಲಸದ ಬಗ್ಗೆ ಅವರನ್ನು ಕೇಳಿದರೆ ಇವತ್ತಿಗೂ ಹೇಳುವುದು ಇದನ್ನೇ. ಟಿ.ವಿ. ಕೆಟ್ಟಿತು ಅಂತ ಜನ ತರುತ್ತಾರೆ, ನೂರಕ್ಕೆ ಅರವತ್ತರಲ್ಲಿ ಕೆಟ್ಟಿರುವುದಿಲ್ಲ, ಎಲ್ಲೋ ಕೂಡಿದ್ದು ಬಿಟ್ಟಿರುತ್ತದೆ. ಅರವತ್ತು ಅನ್ನುವುದು ಅವರ ಬಾಯಿಲೆಕ್ಕ. ಆದರೆ ಅವರ ಮೇಜಿನ ಪಕ್ಕ ಕೂತಷ್ಟೂ ಅದು ನಿಜವೆಂದೇ ನನಗೆ ಅನ್ನಿಸುತ್ತದೆ.

ಮುಚ್ಚಳ ಹೊರಬಂತು. ಒಳಗೆ ಹತ್ತು ಹದಿನೈದು ವರ್ಷದ ಧೂಳು, ಒಂದು ಹಲ್ಲಿಯ ಮೊಟ್ಟೆಯ ಚಿಪ್ಪು. ಮುಚ್ಚಳದ ಒಳಮೈಯಲ್ಲಿ ಮಾರ್ಕರಿನ ಬರಹ: ‘2009, ವರ್ಟಿಕಲ್ ಐಸಿ’. ಅದರ ಕೆಳಗೆ ‘2014, ಸಿಡಿಲು, ಪವರ್ ಸೆಕ್ಷನ್’. ಅಂಗಡಿಯಣ್ಣನದೇ ಅಕ್ಷರ. ಮತ್ತೆ ಯಾರು ಬಿಚ್ಚಿದರೂ ಹಿಂದೆ ಆದದ್ದು ಗೊತ್ತಿರಲಿ ಎಂದು ಅವರು ಪ್ರತಿ ಟಿ.ವಿ.ಗೂ ಹೀಗೆ ಬರೆದಿಡುತ್ತಾರೆ.

ಮೊದಲು ಬ್ರಷ್ಷಿನಿಂದ ಧೂಳು ತೆಗೆದರು. ಆಮೇಲೆ ಟಿ.ವಿ.ಯ ಪ್ಲಗ್ಗನ್ನು ನೇರ ಗೋಡೆಗೆ ಹಾಕದೆ ನೂರು ವಾಟಿನ ಬಲ್ಬಿನ ಸೀರೀಸ್ ಬೋರ್ಡಿಗೆ ಹಾಕಿದರು. ಒಳಗೆ ಶಾರ್ಟ್ ಆಗಿದ್ದರೆ ಬಲ್ಬು ಪೂರ್ತಿ ಉರಿಯುತ್ತಲೇ ಇರುತ್ತದೆ, ಟಿ.ವಿ.ಗೆ ಇನ್ನಷ್ಟು ಏಟು ಬೀಳುವುದಿಲ್ಲ. ಬಲ್ಬು ಒಮ್ಮೆ ಝಗ್ ಎಂದು ಉರಿದು ಮಂಕಾಯಿತು. ಒಳ್ಳೆಯ ಸೂಚನೆ. ಕಾಲಡಿಗೆ ಒಣ ಹಲಗೆ, ಎಡಗೈ ಬೆನ್ನ ಹಿಂದೆ. ಟಿ.ವಿ. ಬಿಚ್ಚಿ ಕರೆಂಟ್ ಹಾಕಿದಾಗ ಅವರು ಯಾವತ್ತೂ ಒಂದೇ ಕೈಯಲ್ಲಿ ಕೆಲಸ ಮಾಡುತ್ತಾರೆ. ಎರಡೂ ಕೈ ಇಟ್ಟರೆ ಶಾಕ್ ಒಂದರಿಂದ ಇನ್ನೊಂದಕ್ಕೆ ಎದೆಯ ಮೂಲಕವೇ ಹಾಯುತ್ತದೆ. ಬಣ್ಣದ ಟ್ಯೂಬಿಗೆ ಹೋಗುವ ಆ ಕೆಂಪು ದಪ್ಪ ವೈರಿನಲ್ಲಿ ಇಪ್ಪತ್ತು, ಇಪ್ಪತ್ತೈದು ಸಾವಿರ ವೋಲ್ಟ್. ಪ್ಲಗ್ಗು ಕಿತ್ತ ಮೇಲೂ ಟ್ಯೂಬಿನ ಗಾಜು ಅದನ್ನು ಹಿಡಿದಿಟ್ಟುಕೊಂಡಿರುತ್ತದೆ. ಮನೆಯಲ್ಲಿ ಯಾರೂ ಹಿಂಭಾಗ ಬಿಚ್ಚಬೇಡಿ ಎಂದು ಅವರು ಬಂದವರಿಗೆಲ್ಲ ಹೇಳುವುದು ವ್ಯಾಪಾರಕ್ಕಾಗಿ ಅಲ್ಲ.

“ಲೋ ಮಗ, ಇಲ್ಲಿ ಬಾ,” ಎಂದು ಮೊಮ್ಮಗನನ್ನು ಕರೆದರು. “ದೂರದಾಗೇ ನಿಂತ್ಕೊ. ಕುಂಯ್ ಅಂತ ಕೇಳ್ತೈತಾ?”

ಹುಡುಗ ತಲೆ ವಾಲಿಸಿದ. “ಊಂ ತಾತ. ಸಣ್ಣಕೆ ಕೇಳ್ತೈತೆ.”

ನನಗೆ ಏನೂ ಕೇಳಿಸಲಿಲ್ಲ, ಅವರಿಗೂ ಇಲ್ಲ. ನಮ್ಮ ದೇಶದ ಡಬ್ಬಾ ಟಿ.ವಿ.ಯಲ್ಲಿ ಒಂದು ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ. ಅಂದರೆ ಎಲೆಕ್ಟ್ರಾನುಗಳ ಸಣ್ಣ ಧಾರೆ ಸೆಕೆಂಡಿಗೆ 15,625 ಸಲ ಎಡದಿಂದ ಬಲಕ್ಕೆ ಓಡಬೇಕು. ಅಷ್ಟು ವೇಗದಲ್ಲಿ ಕೆಲಸ ಮಾಡುವ ಟ್ರಾನ್ಸ್‌ಫಾರ್ಮರಿನ ಮೈ ಸಣ್ಣಗೆ ನಡುಗಿ ಸಿಳ್ಳೆ ಹಾಕುತ್ತದೆ. ಎಳೆಯ ಕಿವಿಗೆ ಮಾತ್ರ ಅದು ಕೇಳುತ್ತದೆ, ವಯಸ್ಸಾದಂತೆ ಆ ಎತ್ತರದ ಸ್ವರ ಮೊದಲು ದೂರವಾಗುತ್ತದೆ. “ಹುಡ್ಗ ಆಗಿದ್ದಾಗ ನಂಗೂ ಕೇಳ್ತಿತ್ತು,” ಅಂದರು ಅಂಗಡಿಯಣ್ಣ. ಅವರ ದನಿಯಲ್ಲಿ ಬೇಸರ ಇರಲಿಲ್ಲ. ಈಗ ಅಂಗಡಿಗೆ ಬರುವ ಮಕ್ಕಳ ಕಿವಿಯೇ ಅವರ ಮೀಟರು.

ಕುಂಯ್ ಎನ್ನುತ್ತಿದೆ ಅಂದರೆ ಅಡ್ಡ ಓಡಿಸುವ ಭಾಗ ಬದುಕಿದೆ. ಖಚಿತಪಡಿಸಿಕೊಳ್ಳಲು ಗಾಜಿನ ಹತ್ತಿರ ಮುಂಗೈ ಒಯ್ದರು. ಬಿಳಿ ಕೂದಲು ಒಂದೊಂದೇ ಎದ್ದು ಪರದೆಯ ಕಡೆ ವಾಲಿದವು. ದೊಡ್ಡ ವೋಲ್ಟೇಜೂ ಇದೆ. ಹಾಗಾದರೆ ಚಿತ್ರ ಯಾಕಿಲ್ಲ? ಷಟರ್ ಇನ್ನೂ ಕೆಳಕ್ಕೆ ಎಳೆದು ಅಂಗಡಿಯನ್ನು ಕತ್ತಲು ಮಾಡಿ, ಟ್ಯೂಬಿನ ಕತ್ತಿನ ಕಡೆ ಬಗ್ಗಿ ನೋಡಿದರು. ಗಾಜಿನ ಆ ಸಪೂರ ಕತ್ತಿನೊಳಗೆ ಹೀಟರಿನ ತಂತಿ ಕೆಂಪಗೆ ಕಾದಿರಬೇಕು. ಅದು ಕಾದರೆ ತಾನೇ ಎಲೆಕ್ಟ್ರಾನು ಹೊರಡುವುದು. ಕತ್ತು ಕಪ್ಪಾಗಿತ್ತು. ಎಣ್ಣೆ ತೀರಿದಂಗೆ ಎಂದು ಅಜ್ಜಿ ಹೇಳಿದ್ದು ಎಷ್ಟು ಸರಿಯಾದ ಮಾತು! ಹೀಟರಿಗೆ ಕರೆಂಟ್ ತಪ್ಪಿದಾಗ ಚಿತ್ರ ಪಟ್ ಎಂದು ಹೋಗುವುದಿಲ್ಲ. ಕಾದದ್ದು ಆರುವ ತನಕ ಇದ್ದು, ಮಂಕಾಗಿ, ಕಪ್ಪಾಗುತ್ತದೆ.

ಈಗ ಎರಡೇ ದಾರಿ. ಹೀಟರಿನ ತಂತಿಯೇ ಒಳಗೆ ಕಡಿದಿದ್ದರೆ ಟ್ಯೂಬು ಹೋಯಿತು ಅಂತ. ಹೊಸ ಟ್ಯೂಬು ಈಗ ಎಲ್ಲೂ ಸಿಗುವುದಿಲ್ಲ, ಈ ಟಿ.ವಿ. ಗುಜರಿಗೇ. ಇಲ್ಲವಾದರೆ ತಂತಿ ಚೆನ್ನಾಗಿದ್ದು ಅದಕ್ಕೆ ಬರಬೇಕಾದ 6.3 ವೋಲ್ಟ್ ದಾರಿಯಲ್ಲಿ ಎಲ್ಲೋ ನಿಂತಿದೆ. ಅಜ್ಜಿಗೆ ಇದ್ಯಾವುದೂ ಹೇಳಲಿಲ್ಲ. ಪ್ಲಗ್ಗು ಕಿತ್ತು, ಬೇರೊಂದು ತಂತಿಯ ಒಂದು ತುದಿಯನ್ನು ಟ್ಯೂಬಿನ ಹಿಂಬದಿಯ ಅರ್ತ್ ಪಟ್ಟಿಗೆ ಕಟ್ಟಿ, ಇನ್ನೊಂದು ತುದಿಯ ಸ್ಕ್ರೂಡ್ರೈವರನ್ನು ಆ ಕೆಂಪು ವೈರಿನ ರಬ್ಬರ್ ಟೋಪಿಯ ಕೆಳಗೆ ತೂರಿಸಿದರು. ಚಟ್ ಎಂದಿತು. ಟ್ಯೂಬು ಖಾಲಿ. ಕತ್ತಿನ ಬೇಸ್ ಕಳಚಿ ಹೀಟರಿನ ಎರಡು ಪಿನ್ನಿಗೆ ಮೀಟರ್ ಹಿಡಿದರು. ನಾನು ಉಸಿರು ಬಿಗಿಹಿಡಿದಿದ್ದೆ. ಮುಳ್ಳು ಎದ್ದು ಬಲಕ್ಕೆ ಬಂದು ನಿಂತಿತು. ಒಂದೆರಡು ಓಂ.

“ಟ್ಯೂಬ್ ಐತೆ,” ಎಂದರು ತಮ್ಮಷ್ಟಕ್ಕೆ.

ಉಳಿದದ್ದು ಹುಡುಕುವ ಕೆಲಸ. ಬೋರ್ಡನ್ನು ಹೊರಳಿಸಿ ಷಟರ್ ಎತ್ತಿ ಬಿಸಿಲಿಗೆ ಹಿಡಿದರು. ಬೋರ್ಡಿನ ಹಿಂಭಾಗ ಅಂದರೆ ನೂರಾರು ಲೆಡ್ಡಿನ ಚುಕ್ಕಿ, ಒಂದೊಂದೂ ರಾಗಿ ಕಾಳಿನಷ್ಟು. ಭೂತಗನ್ನಡಿಯಲ್ಲಿ ಒಂದೊಂದನ್ನೇ ನೋಡುತ್ತ ಹೋದರು. ಇಎಚ್‌ಟಿಯ, ಅಂದರೆ ಹೀಟರಿಗೂ ವೋಲ್ಟೇಜ್ ಕೊಡುವ ಆ ಸಿಳ್ಳೆಯ ಟ್ರಾನ್ಸ್‌ಫಾರ್ಮರಿನ, ಕಾಲುಗಳ ಬಳಿ ನಿಲ್ಲಿಸಿ ಕನ್ನಡಿಯನ್ನು ನನ್ನ ಕೈಗೆ ಕೊಟ್ಟರು. ನೋಡಿದೆ. ಒಂದು ಕಾಲಿನ ಸುತ್ತ ಕೂದಲೆಳೆಯಷ್ಟು ಕಪ್ಪು ಉಂಗುರ. ಲೆಡ್ಡು ಲೆಡ್ಡಿನಂತೆಯೇ ಇದೆ, ಕಾಲು ಕಾಲಿನಂತೆಯೇ ಇದೆ, ಎರಡರ ನಡುವೆ ಸುತ್ತಲೂ ಬಿರುಕು. ದಿನಾ ಸಂಜೆ ಬಿಸಿಯಾಗಿ ಹಿಗ್ಗಿ, ರಾತ್ರಿ ತಣ್ಣಗಾಗಿ ಕುಗ್ಗಿ, ವರ್ಷಗಟ್ಟಲೆ ಹೀಗೇ ನಡೆದು ಬೆಸುಗೆ ಕೈಬಿಟ್ಟಿದೆ. ಡ್ರೈ ಸೋಲ್ಡರ್ ಎನ್ನುವುದು ಇದನ್ನೇ. ತಟ್ಟಿದಾಗ ಆ ಕಾಲು ಅಲ್ಲಾಡಿ ಅಂಚಿಗೆ ತಗಲುತ್ತಿತ್ತು, ಚಿತ್ರ ಬರುತ್ತಿತ್ತು. ಟಿ.ವಿ.ಯ ನೆತ್ತಿಗೆ ಬಡಿಯುವ ನಮ್ಮ ಮನೆಮನೆಯ ವೈದ್ಯಕ್ಕೆ ಇಷ್ಟು ಅರ್ಥವಿದೆ. ಆದರೆ ಪ್ರತಿ ಏಟಿಗೂ ಬಿರುಕು ಸ್ವಲ್ಪ ಸ್ವಲ್ಪ ಅಗಲವಾಗಿ, ಒಂದು ದಿನ ಯಾವ ಏಟಿಗೂ ತಗಲದಷ್ಟು ದೂರ ಹೋಗುತ್ತದೆ. ನಮ್ಮ ಸೀಮೆಯಲ್ಲಿ ಸಂಜೆ ಪಂಪ್‌ಸೆಟ್ಟುಗಳು ಒಟ್ಟಿಗೆ ಎದ್ದಾಗ ವೋಲ್ಟೇಜು ಕುಸಿಯುತ್ತದೆ, ಅವು ನಿಂತಾಗ ಎಗರುತ್ತದೆ. ಟಿ.ವಿ.ಯ ಒಳಗಿನ ಈ ಸಂದುಗಳಿಗೆ ಅದೂ ಒಂದು ಹಿಂಸೆ.

ಹೊಸದಾಗಿ ಕಲಿತವರು ಹಳೆಯ ಲೆಡ್ಡಿನ ಮೇಲೇ ಐರನ್ ಇಟ್ಟು ಕರಗಿಸಿ ಬಿಡುತ್ತಾರೆ. ಅಂಗಡಿಯಣ್ಣ ಹಳೆಯದನ್ನು ಪೂರ್ತಿ ಕರಗಿಸಿ ತೆಗೆದರು. ಪಿನ್ನನ್ನು ಬ್ಲೇಡಿನಿಂದ ಕೆರೆದರು, ತಾಮ್ರದ ಹಾಳೆಯನ್ನು ಕೆರೆದರು. ಕಡ್ಡಿಯಲ್ಲಿ ಚೂರು ಪೇಸ್ಟ್ ಸವರಿ, ಐರನ್ನನ್ನು ಪಿನ್ನಿಗೂ ಹಾಳೆಗೂ ಒಟ್ಟಿಗೆ ತಗಲುವಂತೆ ಇಟ್ಟು ಕಾದರು. ಲೆಡ್ಡನ್ನು ಐರನ್ನಿಗೆ ಮುಟ್ಟಿಸಲಿಲ್ಲ, ಕಾದ ಪಿನ್ನಿಗೆ ಮುಟ್ಟಿಸಿದರು. ಅದು ನೀರಿನಂತೆ ಸುತ್ತ ಹರಿದು ನಿಂತಿತು. ಪೇಸ್ಟಿನ ಸಿಹಿಗಹಿ ಹೊಗೆ ಹಲಸಿನ ಘಮದೊಳಗೆ ಸೇರಿಕೊಂಡಿತು. ಐರನ್ ತೆಗೆದ ಮೇಲೆ ಊದಲಿಲ್ಲ, ಅಲ್ಲಾಡಿಸಲಿಲ್ಲ. ಹೊಳೆಯುವ ಚುಕ್ಕಿ ತಾನಾಗಿಯೇ ಗಟ್ಟಿಯಾಗುವ ತನಕ ಸುಮ್ಮನೆ ಕೂತರು. ಆರುವಾಗ ಅಲುಗಿದ ಬೆಸುಗೆ ಆರು ತಿಂಗಳೂ ಬಾಳುವುದಿಲ್ಲವಂತೆ. ಅದು ಮುಗಿದ ಮೇಲೆ ಕೇಳದಿದ್ದರೂ ಅಕ್ಕಪಕ್ಕದ ಭಾರದ ಕಾಲುಗಳನ್ನೆಲ್ಲ ಹೀಗೇ ಹೊಸದು ಮಾಡಿದರು.

ಈ ನಡುವೆ ಎರಡು ಫೋನು ಬಂದವು. ಎರಡೂ ಈ ಕಾಲದ ತೊಂದರೆ. ಒಂದು ಮನೆಯಲ್ಲಿ ಪರದೆ ನೀಲಿಯಾಗಿ ‘ನೋ ಸಿಗ್ನಲ್’ ಎನ್ನುತ್ತಿದೆ. ರಿಮೋಟಿನ ಎವಿ ಬಟನ್ ಒತ್ತಿಸಿದರು, ಸರಿಹೋಯಿತು. ಇನ್ನೊಂದು ಕಡೆ ಮಾತು ಬರುತ್ತಿದೆ, ಚಿತ್ರ ಇಲ್ಲ. ಬಾಕ್ಸಿನಿಂದ ಬರುವ ಮೂರು ಪಿನ್ನಿನಲ್ಲಿ ಕೆಂಪು ಬಿಳಿ ಸೌಂಡಿನವು, ಹಳದಿ ಪಿಕ್ಚರಿನದು. “ಹಳದೀನ ಕಿತ್ತು, ಒರೆಸಿ, ತಿರುಗಿಸ್ತಾ ಹಾಕು,” ಎಂದರು. ಸೂರಿನ ಮೇಲಿನ ಮೀನಿನ ಮುಳ್ಳುಗಳೆಲ್ಲ ಹೋಗಿವೆ. 2004ರ ಕೊನೆಗೆ ದೂರದರ್ಶನದ ಉಚಿತ ಡಿಶ್ ಬಂತು, 2022ರ ಹೊತ್ತಿಗೆ ದೇಶದ ಹೆಚ್ಚುಕಡಿಮೆ ಎಲ್ಲ ಹಳೆಯ ಅನಲಾಗ್ ಟ್ರಾನ್ಸ್‌ಮಿಟರುಗಳೂ ನಿಂತವು. ಆದರೂ ಡಿಶ್ಶಿನ ಎಲ್‌ಎನ್‌ಬಿ ಬಾಯಿಗೆ ನೀರು ಇಳಿಯುತ್ತದೆ, ತೆಂಗಿನ ಗರಿ ಬಿದ್ದು ಮುಖ ತಿರುಗುತ್ತದೆ, ಕೋತಿ ವೈರು ಎಳೆಯುತ್ತದೆ. ಸಂದು ಬಿಡುವುದು ಮಾತ್ರ ನಿಂತಿಲ್ಲ.

ಬೋರ್ಡು ಒಳಗೆ ಕೂತಿತು. ಸೀರೀಸ್ ಬಲ್ಬು ಒಮ್ಮೆ ಉರಿದು ಮಂಕಾಯಿತು. ನೋಡಿ ತೃಪ್ತರಾಗಿ ಪ್ಲಗ್ಗನ್ನು ನೇರ ಕರೆಂಟಿಗೆ ಹಾಕಿದರು. ದುಂ ಎಂದಿತು ಟಿ.ವಿ., ಬಣ್ಣದ ಟ್ಯೂಬು ತನ್ನ ಮೈಯ ಆಯಸ್ಕಾಂತದ ಕಲೆಯನ್ನು ತಾನೇ ತೊಳೆದುಕೊಳ್ಳುವ ಸದ್ದು. ಎಲ್ಲರೂ ಪರದೆ ನೋಡುತ್ತಿದ್ದರೆ ಅಂಗಡಿಯಣ್ಣ ಹಿಂದೆ ಬಗ್ಗಿ ಕತ್ತು ನೋಡುತ್ತಿದ್ದರು. ನಾನೂ ಬಗ್ಗಿದೆ. ಮೊದಲು ಏನೂ ಇಲ್ಲ. ಆಮೇಲೆ ಗಾಜಿನ ಆಳದಲ್ಲಿ ಒಂದು ಚುಕ್ಕಿ ಬೆಚ್ಚಗಾಯಿತು, ಕೆಂಪಾಯಿತು, ಸಿದ್ದು ಹಲಸಿನ ತೊಳೆಯ ಬಣ್ಣಕ್ಕೆ ಬಂದು ನಿಂತಿತು.

“ಬಂತು! ಅಜ್ಜೀ, ಬಂತು!” ಎಂದು ಕಿರುಚಿದ ಹುಡುಗ.

ಕತ್ತಲಿನೊಳಗಿಂದ ಮೊದಲು ಒಂದು ನೆರಳು, ನೆರಳಿಗೆ ಅಂಚು, ಅಂಚಿಗೆ ಬಣ್ಣ. ಚಂದನ ವಾಹಿನಿಯಲ್ಲಿ ಯಾರೋ ಒಬ್ಬಾಕೆ ಅಡುಗೆ ಹೇಳಿಕೊಡುತ್ತಿದ್ದರು. ಅಜ್ಜಿ ಸೆರಗು ಸರಿಮಾಡಿಕೊಂಡು, ಎದುರಿಗೆ ನಿಜವಾಗಿ ಯಾರೋ ಬಂದು ನಿಂತಂತೆ ನೋಡಿದರು. “ಎಂಟು ದಿನದಿಂದ ಇವ್ಳ ದನಿ ಕೇಳ್ತಿದ್ದೆ. ಮುಖ ಈಗ ಕಂಡೆ,” ಅಂದರು.

ಒಂದು ಗಂಟೆ ಹಾಗೇ ಓಡಲಿ ಎಂದು ಬಿಟ್ಟರು ಅಂಗಡಿಯಣ್ಣ. ಬಿಸಿಯಾದ ಮೇಲೂ ನಿಲ್ಲಬೇಕಲ್ಲ. ಆಗಾಗ ಬ್ರಷ್ಷಿನ ಮರದ ಹಿಡಿಯಿಂದ ಬೋರ್ಡಿನ ಅಂಚನ್ನು ಮೆಲ್ಲಗೆ ತಟ್ಟಿ ನೋಡುತ್ತಿದ್ದರು, ಹೊರಗೆ ಹಲಸು ತಟ್ಟುವವರ ಹಾಗೆಯೇ. ಚಿತ್ರ ಅಲುಗಲಿಲ್ಲ. ಅಜ್ಜಿಯಿಂದ ತೆಗೆದುಕೊಂಡದ್ದು ನೂರೈವತ್ತು ರೂಪಾಯಿ, ಜೊತೆಗೆ ಅವರು ಬಿಡದೆ ಕೊಟ್ಟ ಒಂದು ಹಣ್ಣು. ಮುಚ್ಚಳ ಹಾಕುವ ಮೊದಲು ಮಾರ್ಕರ್ ತೆಗೆದು, ಹಳೆಯ ಎರಡು ಸಾಲಿನ ಕೆಳಗೆ ಅವತ್ತಿನ ತಾರೀಕು ಬರೆದು, ‘ಹೀಟರ್ ಪಿನ್, ಡ್ರೈ’ ಎಂದು ಸೇರಿಸಿದರು. ಅದರ ಕೆಳಗೆ ಇನ್ನೂ ನಾಲ್ಕೈದು ಸಾಲಿಗೆ ಜಾಗ ಇತ್ತು.

ದುಪ್ಪಟಿ ಮತ್ತೆ ಸುತ್ತಿಕೊಂಡಿತು. ಟಿ.ವಿ. ಆಟೋ ಏರಿತು, ಗಾಜು ಒಳಗಡೆಗೆ, ಅಡಿಯಲ್ಲಿ ಗೋಣಿಚೀಲ. ಅಜ್ಜಿ ಪಕ್ಕದಲ್ಲಿ ಕೂತು ಅದರ ನೆತ್ತಿಯ ಮೇಲೆ ಕೈಯಿಟ್ಟರು. ತಟ್ಟಲಿಲ್ಲ, ಬರೀ ಇಟ್ಟರು. ಆಟೋ ಹೊರಟಾಗ ಡ್ರೈವರಿಗೆ ಹೇಳುತ್ತಿದ್ದದ್ದು ರಾಶಿಗಳ ಆಚೆಯಿಂದಲೂ ಕೇಳಿಸಿತು: “ಗುಂಡಿ ಬಂದ್ರೆ ನಿಧಾನ ಕಣಪ್ಪ. ಒಳಗೆ ಈಗ ತಾನೆ ಬೆಸುಗೆ ಹಾಕವ್ರೆ.”